ಏಳನೆಯ ತೋಪು ಕೇಳಿದ ಬಡಿತ

ಬಾರ್ಲಿ ಕೊಯ್ಲಿನ ಕಾಲ. ಊರಾಚೆಯ ಹೊಲಗಳಲ್ಲಿ ಹೆಂಗಸರು ಬಾಗಿ ಸಿವುಡು ಕಟ್ಟುತ್ತಿದ್ದ ಹೊತ್ತಿಗೆ, ಕಾರ್ಖಾನೆಯ ಗೋಡೆಯ ಈಚೆ ನೂರಾರು ಗಂಡಸರು ಸಾಲುಗಟ್ಟಿ, ಕರಗಿದ ಉಕ್ಕಿನ ಮೂಸೆಗಳನ್ನು ಇಬ್ಬಿಬ್ಬರಾಗಿ ಹೊತ್ತು ತಂದು ಒಂದೇ ಅಚ್ಚಿಗೆ ಸುರಿಯುತ್ತಿದ್ದರು. ಸುರಿಯುವುದು ನಡುವೆ ನಿಲ್ಲಬಾರದು. ನಿಂತರೆ ಉಕ್ಕಿನೊಳಗೆ ಬಿರುಕು ಉಳಿಯುತ್ತದೆ. ಆ ದಿನ ಒಬ್ಬನ ಕಾಲಿನ ಮೇಲೆ ಉಕ್ಕು ಚೆಲ್ಲಿತು. ಅವನನ್ನು ಬದಿಗೆ ಎಳೆದು ಹಾಕಿದರು. ಸಾಲು ನಿಲ್ಲಲಿಲ್ಲ. ಆ ಅಚ್ಚಿನಿಂದ ಎದ್ದು ಬಂದದ್ದು ನಾನು. ನಾನು ಒಂದು ತೋಪು. ಜರ್ಮನ್ ಯುದ್ಧನೌಕೆಯೊಂದರ ಹನ್ನೆರಡು ದೊಡ್ಡ ತೋಪುಗಳಲ್ಲಿ ಏಳನೆಯದು.

ತಿಂಗಳುಗಟ್ಟಲೆ ನನ್ನ ಹೊಟ್ಟೆ ಕೊರೆದರು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರು ಹೊಯ್ಯುವುದನ್ನು ನೀವು ಕಂಡಿರಬಹುದು. ನನಗೂ ಹಾಗೇ, ಒಂದರ ಮೇಲೊಂದು ಕೆಂಡದಂಥ ಬಳೆ ತೊಡಿಸಿದರು. ಆರುತ್ತ ಆರುತ್ತ ಅವು ನನ್ನನ್ನು ಹಿಂಡಿದವು. ಕೊನೆಗೆ ನನ್ನ ಉದ್ದ ಹದಿನೈದು ಮೀಟರ್, ತೂಕ ನಲವತ್ತೆಂಟು ಟನ್. ಒಂದು ಒಳ್ಳೆಯ ಎತ್ತಿನಷ್ಟು ಭಾರದ ಗುಂಡನ್ನು ಐದು ಹರದಾರಿ ಆಚೆಗೆ ಎಸೆಯಬಲ್ಲೆ ಎಂದು ಪರೀಕ್ಷೆ ಮಾಡಿದವರು ಬರೆದುಕೊಂಡರು. ನನ್ನ ಬುಡಕ್ಕೆ ಏಳು ಎಂಬ ಅಂಕಿ ಕೊರೆದರು.

ಹಡಗಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರಡೆರಡು ತೋಪಿಗೆ ಒಂದು ತಿರುಗುವ ಗೋಪುರ. ಹೀಗೆ ಆರು ಗೋಪುರ. ಮುಂದೊಂದು, ಹಿಂದೊಂದು, ಎಡಕ್ಕೆರಡು, ಬಲಕ್ಕೆರಡು. ಹಳೆಯ ಮಾದರಿಯ ಹಬೆಯಂತ್ರಗಳು ಹಡಗಿನ ನಡುಭಾಗವನ್ನೆಲ್ಲ ತಿಂದುಬಿಟ್ಟಿದ್ದರಿಂದ ನಕ್ಷೆ ಬರೆದವರು ನಾಲ್ಕು ಗೋಪುರಗಳನ್ನು ಅಂಚಿಗೆ ದೂಡಿದ್ದರು. ಶತ್ರು ಎಡಗಡೆ ಬಂದರೆ ಬಲಗಡೆಯ ನಾಲ್ಕು ತೋಪುಗಳಿಗೆ ಕೆಲಸವಿಲ್ಲ. ನನ್ನ ಜಾಗ ಬಲಗಡೆ. ಹಡಗಿನ ಪಕ್ಕೆಗೆ ಮೊಳದಷ್ಟು ದಪ್ಪದ ಉಕ್ಕಿನ ಹೊದಿಕೆ ಇತ್ತು. ತಲೆಯ ಮೇಲಿನ ಮಾಳಿಗೆ ಮಾತ್ರ ಮೂರು ಬೆರಳು ದಪ್ಪ. ಗುಂಡು ಪಕ್ಕದಿಂದಲೇ ಬರುತ್ತದೆ ಎಂದು ಅವರು ನಂಬಿದ್ದರು.

ನಮ್ಮ ಗೋಪುರ ಮೂರು ಅಂತಸ್ತು. ಮೇಲೆ ನಾವಿಬ್ಬರು ತೋಪುಗಳು, ಕೆಳಗೆ ನಡುಕೋಣೆ, ಎಲ್ಲಕ್ಕಿಂತ ಕೆಳಗೆ ಮದ್ದಿನ ಕೋಣೆ. ಗೋಪುರದ ಮುಖ್ಯಸ್ಥ ಎನ್ನೋ. ಕರಾವಳಿಯ ಜವುಗು ನಾಡಿನ ರೈತ, ಅಗಲ ಭುಜದವನು, ನನ್ನನ್ನು ಕುದುರೆಯಂತೆ ಉಜ್ಜುತ್ತಿದ್ದ. ಮದ್ದಿನ ಕೋಣೆಯಲ್ಲಿದ್ದವನು ಫೋಲ್ಕರ್ಟ್, ಎನ್ನೋನ ತಂಗಿ ಹಿಸ್ಕೆಯ ಗಂಡ. ಮನೆಯಲ್ಲಿ ಒಂಬತ್ತು ಹಸು ಕಟ್ಟಿದವನು. ಮದ್ದು ಮೇಲೆ ಕಳಿಸುವಾಗಲೆಲ್ಲ ಫೋಲ್ಕರ್ಟ್ ಉಕ್ಕಿನ ಗೋಡೆಗೆ ಮೂರು ಸಲ, ಸ್ವಲ್ಪ ಬಿಟ್ಟು ಒಂದು ಸಲ ಬಡಿಯುತ್ತಿದ್ದ.

"ನಿಮ್ಮ ತಂಗಿ ಕಿಟಕಿಗೆ ಹಿಂಗೇ ಬಡೀತಿದ್ದೆ ಭಾವ," ಎಂದು, ಕೆಳಗಿನಿಂದ ಮೇಲಕ್ಕೆ ಮಾತು ಮುಟ್ಟಿಸುವ ಕೊಳವೆಯಲ್ಲಿ ಕೆಣಕುತ್ತಿದ್ದ.

"ಗೊತ್ತು ಬಿಡು. ಪಕ್ಕದ ಕೋಣೇಲಿ ನನ್ನ ನಿದ್ದೆ ಕೆಡಿಸಿದ್ದೇ ಅದು," ಎನ್ನುತ್ತಿದ್ದ ಎನ್ನೋ.

ಯುದ್ಧ ಶುರುವಾದ ವರ್ಷ ಮನೆಯವರನ್ನು ಹಡಗುಕಟ್ಟೆಗೆ ಬಿಟ್ಟ ದಿನ ಹಿಸ್ಕೆ ಬಂದಿದ್ದಳು. ನನ್ನ ನೆರಳಲ್ಲಿ ನಿಂತು, "ಅಣ್ಣ, ಇವರನ್ನ ನಿನ್ನ ಕೈಗೆ ಒಪ್ಪಿಸ್ತಿದೀನಿ. ನಿನ್ನ ಕೈಯಿಂದಾನೇ ವಾಪಸ್ ಇಸ್ಕೋತೀನಿ," ಎಂದಳು. ಎನ್ನೋ ತಲೆಯಾಡಿಸಿದ.

ಆ ವರ್ಷಕ್ಕೂ ಮುಂಚೆ ಗುರಿಹೊಡೆತದ ಪಂದ್ಯದಲ್ಲಿ ನಮ್ಮ ಗೋಪುರ ಚಕ್ರವರ್ತಿಯ ಬಹುಮಾನ ಗೆದ್ದಿತ್ತು. ಗೆದ್ದದ್ದು ಒಂದು ಉಪಾಯದಿಂದ. ಗುಂಡಿನ ಹಿಂದೆ ಇಡುವ ಮದ್ದಿನ ಚೀಲ ರೇಷ್ಮೆಯದು. ತವರದ ಡಬ್ಬಿಯಲ್ಲಿ ಮುಚ್ಚಿಟ್ಟಿರಬೇಕು, ಹೊಡೆಯುವ ಗಳಿಗೆಗೆ ತೆಗೆಯಬೇಕು. ಎನ್ನೋ ಎಂಟು ಚೀಲಗಳನ್ನು ಮೊದಲೇ ಡಬ್ಬಿಯಿಂದ ತೆಗೆಸಿ ನಡುಕೋಣೆಯಲ್ಲಿ ಪೇರಿಸಿಡುತ್ತಿದ್ದ. ಪ್ರತಿ ಗುಂಡಿಗೂ ನಾಲ್ಕು ಸೆಕೆಂಡು ಉಳಿತಾಯವಾಗುತ್ತಿತ್ತು. ಬಹುಮಾನದ ಬಿಲ್ಲೆ ಎನ್ನೋನ ತೋಳಿಗೇರಿತು. ಅಲ್ಲಿಂದ ಮುಂದೆ ಎಂಟು ಚೀಲ ಹೊರಗಿಡುವುದೇ ನಮ್ಮ ಗೋಪುರದ ಪದ್ಧತಿಯಾಯಿತು.

"ಡಬ್ಬಿ ಸುಮ್ಮನೆ ಮಾಡಿಟ್ಟಿಲ್ಲ ಭಾವ. ಒಂದು ಕಿಡಿ ಸಾಕು, ಹುಲ್ಲಿನ ಮೆದೆ ಥರ ಹತ್ತುತ್ತೆ," ಎಂದಿದ್ದ ಫೋಲ್ಕರ್ಟ್.

"ಹಾಲು ಕರೆಯೋನು ನೀನು. ನಿಂಗೆ ಯಾವಾಗಲೂ ಮುಚ್ಚಳದ್ದೇ ಚಿಂತೆ." ಎಲ್ಲರೂ ನಕ್ಕಿದ್ದರು.

ನಿಜವಾದ ಕಾಳಗ ಬಂದದ್ದು ಒಂದೇ ಸಲ, ಬೇಸಿಗೆಯ ಒಂದು ಸಂಜೆ. ಶತ್ರುಗಳು ಎಡಗಡೆ ಕಾಣಿಸಿಕೊಂಡರು. ನಾಲ್ಕು ಗೋಪುರಗಳು ಗುಡುಗಿದವು. ನಾವು ಬಲಗಡೆಯವರು ಖಾಲಿ ಸಮುದ್ರಕ್ಕೆ ಬಾಯಿ ತೆರೆದು ನಿಂತೆವು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ನಡುಕೋಣೆಯಲ್ಲಿ ಎಂಟು ಚೀಲ ಬರಿಮೈಯಲ್ಲಿ ಬಿದ್ದಿದ್ದವು.

ಕೊಳವೆಯಲ್ಲಿ ಫೋಲ್ಕರ್ಟನ ದನಿ ಬಂತು. "ಭಾವ, ನಮ್ಮ ಕಡೆ ಯಾರೂ ಇಲ್ವಲ್ಲ. ಆ ಚೀಲಾನೆಲ್ಲ ಡಬ್ಬಿಗೆ ಹಾಕಿಬಿಡ್ತೀನಿ. ಎರಡು ನಿಮಿಷದ ಕೆಲಸ."

"ಹಡಗು ತಿರುಗಿದ್ರೆ ಮೊದಲ ಗುಂಡು ನಮ್ದೇ ಆಗ್ಬೇಕು. ಮುಟ್ಬೇಡ."

"ತೋಳಿನ ಬಿಲ್ಲೆ ಯಾರೂ ಕಿತ್ಕೊಂಡು ಹೋಗಲ್ಲ ಭಾವ."

"ಮುಟ್ಬೇಡ ಅಂದೆ."

ಗುಂಡು ಪಕ್ಕದಿಂದ ಬರಲಿಲ್ಲ. ಮೇಲಿನಿಂದ ಗಿಡುಗನಂತೆ ಎರಗಿ, ಮೂರು ಬೆರಳಿನ ಮಾಳಿಗೆಯನ್ನು ಸೀಳಿ ನನ್ನ ಬುಡದ ಬಳಿ ಸಿಡಿಯಿತು. ಅದೊಂದೇ ಆಗಿದ್ದರೆ ಒಂದಿಬ್ಬರು ಹೋಗುತ್ತಿದ್ದರು. ಎಂಟು ಚೀಲ ಒಟ್ಟಿಗೆ ಹತ್ತಿಕೊಂಡವು. ನಡುಕೋಣೆಯ ಐವರು ಕೂಗಲಿಕ್ಕೂ ಬಾಯಿಲ್ಲದೆ ಕರಕಲಾದರು. ಬೆಂಕಿ ಮೇಲೇರಿ ಎನ್ನೋನ ಎಡಗೈಯನ್ನು ಸುಟ್ಟಿತು. ಅವನು ಹಿಂಬಾಗಿಲಿನಿಂದ ಧುಮುಕಿ, ಏಣಿ ಇಳಿದು, ಮದ್ದಿನ ಕೋಣೆಯ ಹೊರಗಿನ ಓಣಿಗೆ ಓಡಿದ.

ಆ ಓಣಿಯಲ್ಲಿ ಎರಡು ವಸ್ತುಗಳಿದ್ದವು. ಬಲಕ್ಕೆ, ಹೊರಗಿನಿಂದ ಅಗುಳಿ ಹಾಕಿದ ಮದ್ದಿನ ಕೋಣೆಯ ಬಾಗಿಲು. ಎದುರಿಗೆ, ಸಮುದ್ರದ ನೀರನ್ನು ಆ ಕೋಣೆಗೆ ಬಿಡುವ ಕೆಂಪು ಚಕ್ರ. ಉರಿಯುವ ಚೂರುಗಳು ಮೇಲಿನಿಂದ ಕೋಣೆಗೆ ಬೀಳತೊಡಗಿದ್ದವು. ಬಾಗಿಲು ತೆಗೆದರೆ ಉರಿ ಓಣಿಗುಂಟ ಪಕ್ಕದ ಗೋಪುರದ ಮದ್ದಿಗೆ ಹಾಯುತ್ತಿತ್ತು. ಹಡಗಿನಲ್ಲಿ ಸಾವಿರದ ನೂರು ಜನ. ಕೋಣೆಯಲ್ಲಿ ನಾಲ್ವರು.

ಆಗ ಒಳಗಿನಿಂದ ಬಡಿತ ಬಂತು. ಮೂರು. ಸ್ವಲ್ಪ ಬಿಟ್ಟು ಒಂದು.

ಎನ್ನೋ ಚಕ್ರ ತಿರುಗಿಸಿದ.

ಉಕ್ಕಿಗೆ ಕಿವಿ ಬೇಕಿಲ್ಲ. ಹಡಗಿನಲ್ಲಿ ಎಲ್ಲಿ ಬಡಿದರೂ ಅದು ನನ್ನ ಬುಡಕ್ಕೆ ಮುಟ್ಟುತ್ತದೆ. ನೀರು ಮೊಣಕಾಲಿಗೆ ಬಂದಾಗಲೂ, ಎದೆಗೆ ಬಂದಾಗಲೂ ಆ ಬಡಿತ ಲೆಕ್ಕ ತಪ್ಪಲಿಲ್ಲ; ಮೂರು, ಒಂದು. ಆಮೇಲೆ ಬರೀ ಒಂದು. ಹನ್ನೊಂದು ನಿಮಿಷ. ಎನ್ನೋ ಗಡಿಯಾರ ನೋಡುತ್ತ ಅಲ್ಲೇ ನಿಂತಿದ್ದ. ಚಕ್ರದಿಂದ ಕೈ ತೆಗೆಯಲಿಲ್ಲ.

ಬಂದರಿನಲ್ಲಿ ನೀರು ಬಸಿದಾಗ ಫೋಲ್ಕರ್ಟ್ ಬಾಗಿಲಿಗೆ ಒರಗಿದ್ದ. ಅವನ ಮುಷ್ಟಿಯಲ್ಲಿ ಡಬ್ಬಿಯ ಮುಚ್ಚಳವೊಂದಿತ್ತು. ಬಡಿದದ್ದು ಅದರಿಂದಲೇ, ಅಂಚು ಪೂರಾ ಮಡಚಿಹೋಗಿತ್ತು. ಹಡಗು ಉಳಿಸಿದ್ದಕ್ಕೆ ಎನ್ನೋನಿಗೆ ಇನ್ನೊಂದು ಪದಕ ಕೊಟ್ಟರು. ಎಂಟು ಚೀಲಗಳ ವಿಷಯ ಬಲ್ಲವರು ಸುಟ್ಟುಹೋಗಿದ್ದರು, ಇಲ್ಲವೇ ಸುಮ್ಮನಿದ್ದರು.

ಹಿಸ್ಕೆ ಕಟ್ಟೆಗೆ ಬಂದಳು. "ಒದ್ದಾಡಿದ್ರಾ ಅಣ್ಣ?"

"ಇಲ್ಲ. ಗುಂಡು ಬಿದ್ದ ಕ್ಷಣಕ್ಕೇ ಹೋದ. ಅವನಿಗೆ ಗೊತ್ತೂ ಆಗ್ಲಿಲ್ಲ."

ಅವಳು ಅವನ ಬಟ್ಟೆ ಸುತ್ತಿದ ಕೈಯನ್ನು ಹಣೆಗೆ ಒತ್ತಿಕೊಂಡಳು. "ಅಷ್ಟಾದ್ರೂ ಸಿಕ್ತಲ್ಲ. ನೀನು ಹತ್ರ ಇದ್ಯಲ್ಲ, ಅಷ್ಟು ಸಾಕು."

ಯುದ್ಧ ಸೋತ ಮೇಲೆ ಹಡಗನ್ನು ಗುಜರಿಗೆ ಹಾಕಿದರು. ಅನಿಲದ ಉರಿಯಿಂದ ನನ್ನನ್ನು ನಾಲ್ಕು ತುಂಡು ಮಾಡಿದರು. ಮೂರು ತುಂಡು ಕುಲುಮೆಗೆ ಹೋದವು. ಅಂಕಿ ಕೊರೆದ ಬುಡದ ತುಂಡನ್ನು ಸಮೀಪದ ಒಂದು ಸಣ್ಣ ಬಂದರಿನವರು ಕೊಂಡು, ಕಟ್ಟೆಯ ಅಂಚಿನಲ್ಲಿ ಅರ್ಧ ಹೂತು, ಹೊಟ್ಟೆಗೆ ಕಾಂಕ್ರೀಟು ತುಂಬಿ, ದೋಣಿ ಕಟ್ಟುವ ಗೂಟ ಮಾಡಿದರು. ಆ ಕಟ್ಟೆಯಲ್ಲಿ ಹಗ್ಗ ಹಿಡಿಯುವ ಕೆಲಸಕ್ಕಿದ್ದವನು ಎನ್ನೋ. ಬೆಂದ ಕೈಯ ಬೆರಳು ಕೂಡಿಕೊಂಡು ಹೊಲಗೆಲಸಕ್ಕೆ ಆಗದವನಾಗಿದ್ದ. ಮೊದಲ ದಿನ ಅವನು ಅಂಕಿಯ ಮೇಲೆ ಹೆಬ್ಬೆರಳಾಡಿಸಿ, ಅದಕ್ಕೆ ಡಾಂಬರು ಬಳಿದ.

ಪ್ರತಿ ಶನಿವಾರ ಹಿಸ್ಕೆ ಒಂದು ಕುಡಿಕೆ ಬೆಣ್ಣೆ ತರುತ್ತಿದ್ದಳು; ಹಿಂದಿನ ವಾರದ ಖಾಲಿ ಕುಡಿಕೆ ಒಯ್ಯುತ್ತಿದ್ದಳು. "ನೀನಲ್ಲದೆ ಯಾರು ಅವರ ಕೊನೆ ಗಳಿಗೇಲಿ ಇದ್ರು," ಎನ್ನುತ್ತಿದ್ದಳು. ಎನ್ನೋ ತೆಗೆದುಕೊಂಡು ತಿನ್ನುತ್ತಿದ್ದ. ಹೀಗೆ ಹನ್ನೆರಡು ಚಳಿಗಾಲ.

ಚಳಿಗಾಲದಲ್ಲಿ ನನ್ನ ಮೈಗೆ ಗೇಣುದ್ದ ಮಂಜುಗಡ್ಡೆ ಕಟ್ಟುತ್ತದೆ. ಬೇರೆ ಗೂಟಗಳ ಗಡ್ಡೆಯನ್ನು ಸುತ್ತಿಗೆಯಿಂದ ಒಡೆಯುತ್ತಾರೆ. ಎನ್ನೋ ನನ್ನನ್ನು ಮಾತ್ರ ಮರದ ಸಲಿಕೆಯಿಂದ ಕೆರೆಯುತ್ತಿದ್ದ; ಯಾರು ನಕ್ಕರೂ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಹನ್ನೆರಡನೆಯ ಚಳಿಗಾಲದ ಒಂದು ಶನಿವಾರ ದೋಣಿಯೊಂದು ಗಾಳಿಗೆ ಸಿಕ್ಕಿ ಕಟ್ಟೆಯತ್ತ ಹೊರಳುತ್ತಿತ್ತು. ಹಗ್ಗ ಗಡ್ಡೆಯ ಮೇಲೆ ಜಾರುತ್ತಿತ್ತು. "ಆ ಮುದುಕನ ಕೈಲಿ ಆಗಲ್ಲ, ಒಡೀರಿ ಯಾರಾದ್ರೂ," ಎಂದು ದೋಣಿಯವನು ಕಿರುಚಿದ. ಹಿಸ್ಕೆ ಕುಡಿಕೆ ಕೆಳಗಿಟ್ಟು ಸುತ್ತಿಗೆ ಎತ್ತಿಕೊಂಡಳು. ಮೂರು ಏಟಿಗೆ ಗಡ್ಡೆ ಉದುರಿತು. ಒಂದು ಚೂರು ಉಳಿದಿತ್ತು. ಉಸಿರು ತೆಗೆದುಕೊಂಡು ಇನ್ನೊಂದು ಏಟು ಹಾಕಿದಳು.

ಎನ್ನೋ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಸಿದ. "ಬಾಗಿಲು ತೆಗೆಯಕ್ಕಾಗಲ್ಲ ಕಣೋ," ಎಂದ. "ತೆಗೆಯಕ್ಕಾಗಲ್ಲ."

ಹಿಸ್ಕೆಯ ಕೈಯಲ್ಲಿ ಸುತ್ತಿಗೆ ನಿಂತಿತು. ಆ ಬಡಿತ ಯಾರದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು. ದೋಣಿ ಕಟ್ಟಿ ಮುಗಿಯುವವರೆಗೆ ಕಾದು, ಮೆಲ್ಲಗೆ ಕೇಳಿದಳು.

"ಎಷ್ಟು ಹೊತ್ತು ಬಡಿದ್ರು?"

"ಹನ್ನೊಂದು ನಿಮಿಷ."

"ಬಾಗಿಲು ಎಷ್ಟು ದೂರ ಇತ್ತು?"

"ಬಲಗೈ ಹತ್ರಾನೇ." ಆಮೇಲೆ ಚಕ್ರದ ವಿಷಯವನ್ನೂ ಚೀಲಗಳ ವಿಷಯವನ್ನೂ ಹೇಳಿದ, ಎರಡು ನಿಮಿಷದ ಕೆಲಸ ಎಂದು ಫೋಲ್ಕರ್ಟ್ ಕೇಳಿಕೊಂಡದ್ದು, ಮುಟ್ಟಬೇಡ ಎಂದು ತಾನು ಅಂದದ್ದು, ಎಲ್ಲವನ್ನೂ.

ಹಿಸ್ಕೆ ಅಳಲಿಲ್ಲ. "ಸಾವಿರ ಜನ ಉಳೀಲಿ ಅಂತ ಚಕ್ರ ತಿರುಗಿಸಿದೆ, ಸರಿ. ಆದ್ರೆ ಈ ಬೆಣ್ಣೆ ಯಾವುದಕ್ಕೆ ಅಂತ ನಿಂಗೆ ಗೊತ್ತಿತ್ತು. ಪ್ರತಿ ಶನಿವಾರ ಗೊತ್ತಿತ್ತು." ಹಾಗಂದು, ತುಂಬಿದ ಕುಡಿಕೆಯನ್ನು ನೆಲದಿಂದ ಎತ್ತಿ ಹೆಗಲ ಮೇಲಿನ ಚೌಕದಲ್ಲಿ ಸುತ್ತಿಕೊಂಡು ಹೊರಟುಹೋದಳು.

ಹಿಂದಿನ ವಾರದ ಖಾಲಿ ಕುಡಿಕೆ ಎನ್ನೋನ ಬಳಿಯೇ ಉಳಿಯಿತು. ಮುಂದಿನ ಶನಿವಾರ ಅದನ್ನು ತಿಕ್ಕಿ ತೊಳೆದು ತಂದು ನನ್ನ ತಲೆಯ ಮೇಲಿಟ್ಟುಕೊಂಡು ಕತ್ತಲಾಗುವವರೆಗೆ ಕೂತ. ಅದರ ಮುಂದಿನ ಶನಿವಾರವೂ ಕೂತ. ಅವಳು ಬರಲಿಲ್ಲ. ಮೂರನೆಯ ಬೇಸಿಗೆಗೆ ಅವನೂ ಬರಲಿಲ್ಲ.

ನಾನು ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸಲಿಲ್ಲ. ನನ್ನಿಂದ ಸತ್ತವರೆಲ್ಲ ನನ್ನನ್ನು ಉಜ್ಜಿದವರೇ. ಕುಡಿಕೆ ಈಗಲೂ ನನ್ನ ತಲೆಯ ಮೇಲಿದೆ. ಯಾರದೆಂದು ತಿಳಿಯದೆ ಯಾರೂ ಮುಟ್ಟಿಲ್ಲ. ಮಳೆಗೆ ತುಂಬುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಹಿಂದಿರುಗಿಸಬೇಕಾದ ಮನೆ ಇಲ್ಲಿಂದ ಕಾಣುತ್ತದೆ.