ತೀರ್ಪಿನ ಡೇರೆಯ ಮೇಲಿನ ಹೊಗೆ

ಥಾರ್ನ್‌ಶಾ ಪಟ್ಟಣದ ಸಭಾಭವನದ ನಟ್ಟನಡುವೆ ನಿಲ್ಲಿಸಿದ್ದ ಆ ಡೇರೆಗೆ ನಾಲ್ಕೂ ಕಡೆ ದಪ್ಪ ಪರದೆಯಿತ್ತು, ಮೇಲೆ ಮಾತ್ರ ಏನೂ ಇರಲಿಲ್ಲ. ಒಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ಮೂಲೆಯಲ್ಲಿ ತಗಡಿನ ಮುಚ್ಚಳವಿದ್ದ ಒಂದು ಬಕೆಟ್ಟು. ಅದು ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಹಿತ್ತಾಳೆ ವಾದ್ಯಗಳ ಬ್ಯಾಂಡ್ ಸ್ಪರ್ಧೆಯಲ್ಲಿ ತೀರ್ಪುಗಾರ ಕೂರುವುದು ಹೀಗೆಯೇ. ಯಾವ ಊರಿನ ಬ್ಯಾಂಡು ನುಡಿಸುತ್ತಿದೆ ಎನ್ನುವುದು ಅವನ ಕಣ್ಣಿಗೆ ಬೀಳಬಾರದು, ಕಿವಿಗೆ ಮಾತ್ರ ಬೀಳಬೇಕು. ಕೊನೆಯ ಬ್ಯಾಂಡು ಮುಗಿಸುವವರೆಗೆ ಅವನು ಹೊರಗೆ ಬರುವಂತಿಲ್ಲ, ಯಾರೊಂದಿಗೂ ಮಾತಾಡುವಂತಿಲ್ಲ. ಮುಂದಿನ ಬ್ಯಾಂಡು ಶುರುಮಾಡಬಹುದು ಎನ್ನುವುದಕ್ಕೆ ಒಂದು ಸೀಟಿ ಊದಬೇಕು, ಅಷ್ಟೇ.

ಆ ಸೀಟಿಯೇ ಬೆಳಗಿನಿಂದ ಡೆಸ್ಮಂಡ್ ಹೋಲ್ರಾಯ್ಡನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು.

ಡೆಸ್ಮಂಡ್ ಒಂದು ಕಾಲದಲ್ಲಿ ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ ನುಡಿಸಿದರೆ ಗುಡ್ಡದ ಆಚೆಯ ಕುರಿಗಳೂ ತಲೆಯೆತ್ತುತ್ತಿದ್ದವು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಈಗ ಎಪ್ಪತ್ತು ದಾಟಿತ್ತು. ದಶಕಗಟ್ಟಲೆ ಸೇದಿದ ಸಿಗರೇಟು ಅವನ ಶ್ವಾಸಕೋಶವನ್ನು ಹಳೆಯ ಚರ್ಮದ ತಿದಿಯಂತೆ ಮಾಡಿತ್ತು. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಮಾತ್ರ ಚೌಕಾಸಿ ಮಾಡುತ್ತಿತ್ತು. ಕಾರ್ನೆಟ್ ಪೆಟ್ಟಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಬ್ಯಾಂಡಿನ ಲೋಕದಲ್ಲಿ ಅವನಿಗೆ ಉಳಿದಿದ್ದು ಈ ತೀರ್ಪುಗಾರಿಕೆ ಒಂದೇ. ಉಸಿರಿನ ವಿಷಯ ಸ್ಪರ್ಧೆ ನಡೆಸುವ ಸಂಘದವರಿಗೆ ಗೊತ್ತಾದರೆ ‘ಹೋಲ್ರಾಯ್ಡ್ ಅವರಿಗೆ ಇನ್ನು ವಿಶ್ರಾಂತಿ ಬೇಕು’ ಎಂದು ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸುತ್ತಾರೆ. ಹಾಗೆ ಹೂಗುಚ್ಛ ಪಡೆದವರನ್ನು ಅವನು ನೋಡಿದ್ದ. ಮುಂದಿನ ಹೂಗುಚ್ಛ ಅವರಿಗೆ ಬಂದದ್ದು ಶವಪೆಟ್ಟಿಗೆಯ ಮೇಲೆ.

ಆದ್ದರಿಂದ ಮುಚ್ಚಿಡುವುದನ್ನು ಅವನು ಒಂದು ಕಲೆಯಾಗಿ ಬೆಳೆಸಿದ್ದ. ಏರುಬೀದಿಯಲ್ಲಿ ಉಸಿರು ಕಟ್ಟಿದರೆ ಹತ್ತಿರದ ಅಂಗಡಿಯ ಗಾಜಿನ ಮುಂದೆ ನಿಂತು, ಒಳಗಿನ ಸಾಮಾನನ್ನು ಕೊಳ್ಳುವವನಂತೆ ದಿಟ್ಟಿಸುತ್ತಿದ್ದ. ಹೀಗೆ ಊರಿನ ಅಂಗಡಿಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಹೆಂಗಸರ ಒಳಉಡುಪಿನ ಅಂಗಡಿ ಏರಿನ ಅತಿ ಕಡಿದಾದ ಜಾಗದಲ್ಲಿದ್ದದ್ದು ಅವನ ದುರದೃಷ್ಟ. ಅಂಗಡಿಯಾಕೆ ಒಂದು ದಿನ ಹೊರಗೆ ಬಂದು, “ಯಜಮಾನ್ರೇ, ಯಾರಿಗಾದ್ರೂ ಬೇಕಾ, ಇಲ್ಲಾ ಸುಮ್ನೆ ದರ್ಶನವಾ?” ಎಂದು ಕೇಳಿದ್ದಳು. ಅವನು ಉತ್ತರ ಕೊಡಲಿಲ್ಲ. ಉತ್ತರ ಕೊಡಲು ಉಸಿರಿರಲಿಲ್ಲ. ಅದನ್ನು ಅವಳು ಬೇರೆಯೇ ಅರ್ಥದಲ್ಲಿ ತಿಳಿದುಕೊಂಡಳು.

ಆಸ್ಪತ್ರೆಯ ಶ್ವಾಸಕೋಶದ ವಿಭಾಗದ ನರ್ಸ್ ಶಬ್ನಮ್‌ಗೆ ಮಾತ್ರ ಎಲ್ಲ ಗೊತ್ತಿತ್ತು. ‘ಎಲ್ಲ’ ಎನ್ನುವುದೂ ಪೂರ್ತಿ ಸರಿಯಲ್ಲ. ಸಿಗರೇಟು ಬಿಡಿಸಲು ವೇಪ್ ಎಂಬ, ಹೊಗೆಯಂಥ ಆವಿ ಬಿಡುವ ಬ್ಯಾಟರಿ ಕೊಳವೆ ಹಿಡಿಸಿದವಳು ಅವಳೇ. ಅದನ್ನೂ ಬಿಡುವ ಕಾಲ ಬಂದಾಗ ಅವಳು ಹೇಳಿದ್ದಳು: “ಸಿಗರೇಟಿಗಿಂತ ಇದು ವಾಸಿ, ಇಲ್ಲ ಅನ್ನಲ್ಲ. ಆದ್ರೆ ಇದು ಹೊಳೆ ದಾಟೋ ದೋಣಿ ಡೆಸ್ಮಂಡ್. ದಾಟಿದ್ಮೇಲೆ ದೋಣೀನ ತಲೆ ಮೇಲೆ ಹೊತ್ಕೊಂಡು ಓಡಾಡ್ತಾರಾ ಯಾರಾದ್ರೂ?”

“ಬಿಟ್ಟೇಬಿಟ್ಟೆ ಬಿಡಮ್ಮ,” ಎಂದಿದ್ದ ಡೆಸ್ಮಂಡ್. ದೋಣಿ ಆಗ ಅವನ ಕೋಟಿನ ಒಳಜೇಬಿನಲ್ಲಿತ್ತು. ಅದಕ್ಕೆ ಬ್ಲೂಬೆರಿ ಕಸ್ಟರ್ಡಿನ ವಾಸನೆ.

ಅವತ್ತಿನ ಸ್ಪರ್ಧೆಗೆ ಆರು ಬ್ಯಾಂಡುಗಳಿದ್ದವು. ಮೊದಲನೆಯದಕ್ಕೆ ಸೀಟಿ ಸಲೀಸಾಗಿ ಬಂತು. ಅವರು ನುಡಿಸಿದ್ದು ಸುಮಾರಾಗಿತ್ತು, ಅವನು ಸುಮಾರಾಗಿ ವೇಪ್ ಎಳೆದ. ಎರಡನೆಯ ಬ್ಯಾಂಡು ನುಡಿಸುವಾಗ ಅವನು ಪೆನ್ಸಿಲನ್ನೂ ಮರೆತ, ವೇಪನ್ನೂ ಮರೆತ. ಯಾರೋ ಎಳೆಯ ಕಾರ್ನೆಟ್‌ಗಾರ ಒಂದು ಉದ್ದ ಸ್ವರವನ್ನು ದಾರದಂತೆ ಎಳೆದು, ಎಲ್ಲೂ ಗಂಟು ಬೀಳದಂತೆ ತಂದು ಇಳಿಸಿದ. ಡೆಸ್ಮಂಡನ ತುಟಿಗಳು ಪರದೆಯ ಮರೆಯಲ್ಲಿ ತಾವಾಗಿಯೇ ಆ ಸ್ವರದ ಆಕಾರಕ್ಕೆ ಬಂದಿದ್ದವು.

ಮೂರನೆಯ ಬ್ಯಾಂಡು ಅವನ ಸಹನೆಯನ್ನು ಪರೀಕ್ಷಿಸಿತು. ಅವರ ಯುಫೋನಿಯಂ, ಆ ಹೊಟ್ಟೆ ದಪ್ಪದ ವಾದ್ಯ, ಶ್ರುತಿಯಿಂದ ಜಾರುತ್ತ ಜಾರುತ್ತ ಕೆಸರುಗದ್ದೆಗೆ ಇಳಿದ ಎಮ್ಮೆಯ ಹಾಗೆ ಅಲ್ಲೇ ಮಲಗಿತು. ಡೆಸ್ಮಂಡ್ ಒಂದು ದಮ್ಮು ಎಳೆದ. ಎಮ್ಮೆ ಏಳಲಿಲ್ಲ. ಇನ್ನೊಂದು ಎಳೆದ. ಹಾಡು ಮುಗಿಯುವ ಹೊತ್ತಿಗೆ ಡೇರೆಯೊಳಗೆ ಅವನಿಗೆ ತನ್ನ ಬರಹವೇ ಕಾಣುತ್ತಿರಲಿಲ್ಲ.

ಡೇರೆಗೆ ಚಾವಣಿಯಿಲ್ಲ ಎನ್ನುವುದನ್ನು ಅವನು ಮರೆತಿದ್ದ. ಬಿಡುವಿನ ಹೊತ್ತಿನಲ್ಲಿ ಪರದೆಯ ಆಚೆ ಇಬ್ಬರು ಹೆಂಗಸರ ಮಾತು ಕೇಳಿಸಿತು.

“ನೋಡ್ದೇನೇ? ಎರಡನೇವ್ರಿಗೆ ಒಂದೆಳೆ ಹೊಗೆ ಇಲ್ಲ. ಮೂರನೇವ್ರಿಗೆ ಗಿರಣಿ ಚಿಮಣಿ ಥರ ಬಂತು.”

“ಮೆಚ್ಚಿಗೆ ಆದ್ರೆ ಬಿಡ್ತಾನೆ ಕಣೆ ಅವ್ನು. ರೋಮಲ್ಲಿ ಪೋಪ್ ಆರಿಸೋವಾಗ ಬಿಡಲ್ವಾ, ಬಿಳಿ ಹೊಗೆ?”

“ಕಸ್ಟರ್ಡ್ ಘಮಘಮ ಅಂತಿದೆ.”

“ಕ್ಯಾಂಟೀನಿಂದ ಇರ್ಬೇಕು.”

“ಕ್ಯಾಂಟೀನಲ್ಲಿ ಇವತ್ತು ಬಟಾಣಿ ಹಾಕಿದ ಪೈ ಬಿಟ್ರೆ ಇನ್ನೇನೂ ಇಲ್ಲ. ನಾನೀಗ್ತಾನೆ ತಿಂದ್ಕಂಡು ಬಂದಿದೀನಿ, ನಂಗೆ ಹೇಳ್ತೀಯಾ.”

ಡೆಸ್ಮಂಡ್ ತಲೆಯೆತ್ತಿ ಮೇಲೆ ನೋಡಿದ. ಎದ್ದು ಹೋಗಿ ‘ಅಮ್ಮಾ, ಅದು ಮೆಚ್ಚಿಗೆಯಲ್ಲ, ಸಂಕಟ’ ಎನ್ನುವಂತಿರಲಿಲ್ಲ. ಪರದೆಯ ಹೊರಗೆ ಕಾವಲಿಗೆ ಕೂತಿದ್ದವಳು ಸಭಾಭವನವನ್ನು ನೋಡಿಕೊಳ್ಳುವ ಐವಿ ಸಟ್‌ಕ್ಲಿಫ್. ತೀರ್ಪುಗಾರನ ಹತ್ತಿರ ಯಾರಾದರೂ ಬಾಯಿ ತೆರೆದರೆ ಪೊರಕೆ ಹಿಡಿಯುವ ಜಾತಿಯವಳು.

ಸುದ್ದಿ ಮಾತ್ರ ಪೊರಕೆಗೆ ಸಿಗಲಿಲ್ಲ. ಪಕ್ಕದ ಓಣಿಯಲ್ಲಿ ತುತ್ತೂರಿ ಒರೆಸುತ್ತ ನಿಂತಿದ್ದ ಬ್ಯಾಂಡುಗಳಿಗೆ ಆಗಲೇ ತಲುಪಿತ್ತು. ನಾಲ್ಕನೆಯವರು ಇಡೀ ಹಾಡನ್ನು ಡೇರೆಯ ತಲೆಗೆ ಗುರಿಯಿಟ್ಟು ನುಡಿಸಿದರು. ಮೆಲುದನಿಯ ಭಾಗಕ್ಕೆ ಬಂದಾಗ ಎಳೆದರು, ಮತ್ತೂ ಎಳೆದರು. ಹೊಗೆ ಬರದೆ ಆ ಸ್ವರವನ್ನು ಬಿಡುವುದಿಲ್ಲ ಎಂದು ಹಟ ಹಿಡಿದವರಂತೆ ಎಳೆದರು. ಡೆಸ್ಮಂಡ್ ವೇಪನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದು ಕೂತ. ಕೊನೆಗೆ ಡೋಲಿನವನು ಸಿಟ್ಟಿನಿಂದ ಕುಟ್ಟಿದ.

ಐದನೆಯವರ ಸರದಿಯಲ್ಲಿ ಅವನಿಗೆ ತಡೆಯಲಾಗಲಿಲ್ಲ. ಒಂದೇ ಒಂದು ದಮ್ಮು, ಚಿಕ್ಕದು. ಹೊಗೆ ಮೇಲೇರದಿರಲಿ ಎಂದು ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನನ್ನು ತೆಗೆದ. ಉಸಿರು ಕಟ್ಟಿದಾಗ ಮುಖಕ್ಕೆ ಗಾಳಿ ಹಿಡಿದುಕೋ ಎಂದು ಶಬ್ನಮ್ ಕೊಟ್ಟಿದ್ದ ಫ್ಯಾನು ಅದು. ಅವನು ಅದನ್ನು ಹೊಗೆಗೆ ಹಿಡಿದ. ಚದುರುತ್ತಿದ್ದ ಹೊಗೆಯೆಲ್ಲ ಒಟ್ಟಾಗಿ ಒಂದು ಬಿಳಿ ಕಂಬದಂತೆ ನೆಟ್ಟಗೆ ಮೇಲೆದ್ದು ದೀಪದ ಬೆಳಕಿನಲ್ಲಿ ಜಗಜಗಿಸಿತು. ಹಾಡಿನ ನಡುವೆಯೇ ಸಭೆ ಚಪ್ಪಾಳೆ ಹೊಡೆಯಿತು.

ಆಮೇಲೆ ಎದೆ ಹಿಡಿದುಕೊಂಡಿತು. ಅವಮಾನಕ್ಕೋ, ಕಸ್ಟರ್ಡಿಗೋ, ಎರಡಕ್ಕೂ ಸೇರಿಯೋ ಅವನಿಗೆ ತಿಳಿಯಲಿಲ್ಲ. ಆರನೆಯ ಬ್ಯಾಂಡು ಬಂದು ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. ಸಭೆ ನಿಶ್ಶಬ್ದವಾಯಿತು. ಡೆಸ್ಮಂಡ್ ಸೀಟಿಯನ್ನು ತುಟಿಗಿಟ್ಟು ಊದಿದ. ಬಂದದ್ದು ಇಲಿಮರಿಯ ನಿಟ್ಟುಸಿರು. ಮತ್ತೆ ಊದಿದ. ಅದೂ ಇಲ್ಲ.

ಪರದೆಯ ಹತ್ತಿರ ಸಂಘದ ಕಾರ್ಯದರ್ಶಿ ನಾರ್ಮನ್ ಪಿಕಪ್‌ನ ಪಿಸುದನಿ ಕೇಳಿತು. “ಹೋಲ್ರಾಯ್ಡ್ ಅವರೇ? ಎಲ್ಲಾ ಸರಿಯಿದೆ ತಾನೆ?”

“ತೀರ್ಪುಗಾರರ ಹತ್ರ ಮಾತಾಡ್ಬಾರ್ದು,” ಎಂದಳು ಐವಿ.

“ನಾನು ಕಾರ್ಯದರ್ಶಿ ಕಣಮ್ಮ!”

“ಆಗಿರಿ. ಆ ಕಡೆ ಹೋಗಿ ಆಗಿರಿ.”

ಐವಿ ಗಳಿಸಿಕೊಟ್ಟ ಆ ಹೊತ್ತನ್ನು ಡೆಸ್ಮಂಡ್ ಹಾಳು ಮಾಡಲಿಲ್ಲ. ಇನ್ಹೇಲರನ್ನು ಎಳೆದುಕೊಂಡ. ಎರಡೂ ಮೊಣಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿದ. ಫ್ಯಾನನ್ನು ಈ ಸಲ ಮುಖಕ್ಕೇ ಹಿಡಿದ. ಗಾಳಿಯನ್ನು ಒಳಗೆಳೆಯಲು ಗುದ್ದಾಡಬೇಡ, ಒಳಗೆ ಕೂತದ್ದನ್ನು ಮೊದಲು ಹೊರಗೆ ಕಳಿಸು ಎಂದಿದ್ದಳು ಶಬ್ನಮ್. ಮೂಗಿನಿಂದ ಹೂವು ಮೂಸಿದಂತೆ ಒಳಕ್ಕೆ, ತುಟಿ ಕಿರಿದು ಮಾಡಿ ದೀಪ ಆರಿಸಿದಂತೆ ಮೆಲ್ಲಗೆ ಹೊರಕ್ಕೆ. ಹೂವು, ದೀಪ. ಹೂವು, ದೀಪ. ಆಚೆ ಮುನ್ನೂರು ಜನ ಕೆಮ್ಮುತ್ತ, ಕುರ್ಚಿ ಕಿರುಗುಟ್ಟಿಸುತ್ತ ಕಾಯುತ್ತಿದ್ದರು. ಉಸಿರು ಸ್ವಲ್ಪ ಹತೋಟಿಗೆ ಬಂತು. ಸೀಟಿಗೆ ಸಾಲದು ಎಂದು ಅವನಿಗೆ ಗೊತ್ತಿತ್ತು. ಸುತ್ತ ನೋಡಿದ. ಬಕೆಟ್ಟಿನ ಮುಚ್ಚಳ ಎತ್ತಿ, ಮೇಜಿನ ಮೇಲಿದ್ದ ಚಹಾದ ಚಮಚದಿಂದ ಬಲವಾಗಿ ಹೊಡೆದ.

ಆ ಸದ್ದು ಏನೆಂದು ಹಳೆಯ ವಾದ್ಯಗಾರರಿಗೆಲ್ಲ ಅರ್ಥವಾಯಿತು. ಯಾರೂ ನಗುವ ಧೈರ್ಯ ಮಾಡಲಿಲ್ಲ. ಆರನೆಯ ಬ್ಯಾಂಡು ಗಾಬರಿಯಲ್ಲಿ ಹಾಡನ್ನು ಅರ್ಧ ಸಮಯದಲ್ಲಿ ಮುಗಿಸಿತು.

ಫಲಿತಾಂಶ ಹೇಳಲು ವೇದಿಕೆಯ ಮೆಟ್ಟಿಲು ಹತ್ತಬೇಕಿತ್ತು. ದಿಟ್ಟಿಸಿ ನಿಲ್ಲಲು ಅಲ್ಲಿ ಅಂಗಡಿಯ ಗಾಜಿರಲಿಲ್ಲ. ಡೆಸ್ಮಂಡ್ ಪ್ರತಿ ಮೆಟ್ಟಿಲಲ್ಲೂ ನಿಂತು ಯಾರಿಗೋ ಕೈಬೀಸಿದ. ಹತ್ತಿ ಮುಗಿಯುವ ಹೊತ್ತಿಗೆ ಇಡೀ ಸಭೆಗೆ ಕೈಬೀಸಿ ಆಗಿತ್ತು.

“ಮೊದಲನೇ ಬಹುಮಾನ,” ಎಂದ, “ಎರಡನೇ ಬ್ಯಾಂಡಿಗೆ.”

ಮೂರನೆಯ ಬ್ಯಾಂಡಿನ ಮಾಸ್ಟರ್ ಟ್ರೆವರ್ ಗ್ರಿಂಡ್‌ರಾಡ್ ಕುರ್ಚಿಯ ಮೇಲೆ ಹತ್ತಿ ನಿಂತ. ಡೆಸ್ಮಂಡನಷ್ಟೇ ವಯಸ್ಸು, ಅವನಿಗಿಂತ ಎರಡು ಪಾಲು ಗಾತ್ರ.

“ಇದ್ಯಾವ ನ್ಯಾಯ ಕಣಯ್ಯಾ? ನಮ್ಗೆ ಅಷ್ಟು ಹೊಗೆ ಬಿಟ್ಟು ಅವ್ರಿಗೆ ಬಹುಮಾನ ಕೊಡ್ತೀಯಾ? ಒಂದ್ ಎಳೆ ಹೊಗೆ ಬರ್ಲಿಲ್ಲ ಅವ್ರಿಗೆ! ಈ ಸಭೆ ಪೂರಾ ಸಾಕ್ಷಿ!”

“ನಾವೂ ನೋಡಿದೀವಿ!” ಎಂದರು ಐದನೆಯವರು.

“ಯಾರ್ ಜೊತೆ ಒಳ ಒಪ್ಪಂದ? ಯಾರಿಗಯ್ಯಾ ಆ ಸನ್ನೆ?” ಎಂದು ಟ್ರೆವರ್ ಮತ್ತೆ ಕೂಗಿದ.

ಮೋಸ ಎನ್ನುವ ಮಾತನ್ನು ಯಾರೋ ಹಿಂದಿನಿಂದ ಅಂದೇಬಿಟ್ಟರು. ಐವತ್ತು ವರ್ಷದ ಬ್ಯಾಂಡಿನ ಬದುಕಿನಲ್ಲಿ ಡೆಸ್ಮಂಡನಿಗೆ ಕುಡುಕ ಅಂದಿದ್ದರು, ಜಗಳಗಂಟ ಅಂದಿದ್ದರು. ಮೋಸಗಾರ ಎಂದು ಯಾರೂ ಅಂದಿರಲಿಲ್ಲ.

ನಾರ್ಮನ್ ಪಿಕಪ್ ಅವನ ಕಿವಿಗೆ ಬಾಗಿದ. “ಸುಮ್ನಿರಿ, ನಾನು ನೋಡ್ಕೋತೀನಿ. ಬಾಯ್ಲರ್ ಕೆಟ್ಟಿತ್ತು, ಪೈಪಿಂದ ಆವಿ ಬಂತು ಅಂತೀನಿ. ಐವಿ ಸರಿಯಾಗಿ ನೋಡ್ಕೊಂಡಿಲ್ಲ ಅಂದ್ರಾಯ್ತು. ನಿಮ್ ಹೆಸರೂ ಉಳಿಯುತ್ತೆ, ನಮ್ ಹೆಸರೂ ಉಳಿಯುತ್ತೆ.”

ಅದು ಒಳ್ಳೆಯ ಸುಳ್ಳು. ಡೆಸ್ಮಂಡನಿಗೆ ಎರಡು ಕೈ ಚಾಚಿ ಅಪ್ಪಿಕೊಳ್ಳುವಷ್ಟು ಆಸೆಯಾಯಿತು. ಅವನ ಉಸಿರಿನ ಗುಟ್ಟೂ ಮುಚ್ಚಿಹೋಗುತ್ತದೆ, ತೀರ್ಪೂ ಉಳಿಯುತ್ತದೆ. ಕೆಳಗೆ ಪರದೆ ಮಡಚುತ್ತಿದ್ದ ಐವಿ ತಲೆಯೆತ್ತಿ ನೋಡಿದಳು. ಅವಳ ಕಿವಿ ಚುರುಕು.

“ನನ್ ಬಾಯ್ಲರ್‌ಗೆ ಬ್ಲೂಬೆರಿ ವಾಸ್ನೆ ಬರಲ್ಲ ನಾರ್ಮನ್,” ಎಂದು ಮಾತ್ರ ಅಂದು, ಮಡಚುವುದನ್ನು ಮುಂದುವರಿಸಿದಳು.

ಡೆಸ್ಮಂಡ್ ಒಳಜೇಬಿನಿಂದ ವೇಪ್ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಹೊಗೆ ಇದ್ರದ್ದು,” ಎಂದ. “ನಂಗೆ ಶ್ವಾಸಕೋಶದ ಕಾಯಿಲೆ. ಹೋಗೋ ಕಾಯಿಲೆ ಅಲ್ಲ. ಸಿಗರೇಟು ಬಿಡೋಕೆ ಅಂತ ಇದನ್ನ ಹಿಡ್ದೆ. ಇದನ್ನ ಬಿಟ್ಟಿದೀನಿ ಅಂತ ನರ್ಸಿಗೆ ಸುಳ್ಳು ಹೇಳ್ದೆ.” ನಿಂತ. ತುಟಿ ಕಿರಿದು ಮಾಡಿ ಎಲ್ಲರೆದುರೇ ಮೆಲ್ಲಗೆ ಉಸಿರು ಬಿಟ್ಟ. ಯಾರಿಗೂ ಕೈಬೀಸಲಿಲ್ಲ. “ಸೀಟಿ ಊದೋಕೂ ಆಗ್ಲಿಲ್ಲ ಇವತ್ತು. ಬಕೆಟ್ ಮುಚ್ಚಳ ಹೊಡ್ದೆ.”

“ಅದಿರ್ಲಿ,” ಎಂದ ಟ್ರೆವರ್, “ನಮ್ಗೇ ಯಾಕೆ ಅಷ್ಟೊಂದು ಹೊಗೆ?”

“ನಿನ್ ಯುಫೋನಿಯಂ ತಡ್ಕೊಳಕ್ಕಾಗ್ಲಿಲ್ಲ ಕಣಯ್ಯಾ. ಎರಡನೇವ್ರು ನುಡ್ಸುವಾಗ ಇಂಥದೊಂದು ಜೇಬಲ್ಲಿದೆ ಅನ್ನೋದೇ ಮರೆತ್ಹೋಗಿತ್ತು.”

ಸಭೆ ಬಿದ್ದು ಬಿದ್ದು ನಕ್ಕಿತು. ಯುಫೋನಿಯಂನವನು ಬೂಟಿನ ದಾರ ಕಟ್ಟಿಕೊಳ್ಳಲು ಬಾಗಿದವನು ಬಹಳ ಹೊತ್ತು ಏಳಲಿಲ್ಲ.

ಸಮಿತಿಯವರು ವೇದಿಕೆಯ ಮೂಲೆಯಲ್ಲಿ ತಲೆ ಸೇರಿಸಿದರು. ಡೆಸ್ಮಂಡ್ ಹೂಗುಚ್ಛಕ್ಕೆ ಸಿದ್ಧನಾಗಿ ನಿಂತ. ಅವರು ಗಹನವಾಗಿ ಚರ್ಚಿಸಿದರು, ಮತ ಹಾಕಿದರು, ಒಬ್ಬರು ಸಿಟ್ಟಾಗಿ ಹೊರಗೆ ಹೋಗಿ ಮತ್ತೆ ಬಂದರು. ಕೊನೆಗೆ ನಾರ್ಮನ್ ಮೈಕಿನ ಮುಂದೆ ಬಂದು, ಸ್ಪರ್ಧೆಯ ಘನತೆಯನ್ನು ಕಾಪಾಡುವ ಸಲುವಾಗಿ ಮುಂದಿನ ವರ್ಷದಿಂದ ತೀರ್ಪುಗಾರರ ಡೇರೆಗೆ ಗಾಳಿಯಾಡದಂತೆ ಚಾವಣಿ ಹಾಕಿಸಲಾಗುವುದು ಎಂದು ಘೋಷಿಸಿದ. ತೀರ್ಪುಗಾರರ ಆರೋಗ್ಯದ ವಿಷಯ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಹೇಳಿದ.

“ಮುಚ್ಚಳ ಹಾಕಿದ ಭರಣೀಲಿ ಉಪ್ಪಿನಕಾಯಿ ಇಡ್ರಪ್ಪ,” ಎಂದ ಡೆಸ್ಮಂಡ್. “ನಂಗೆ ಚಾವಣಿ ಬೇಡ. ಒಂದು ಗಂಟೆ ಕೊಡಿ, ಬಾರಿಸ್ತೀನಿ. ಕೆಳಗೇ ನಿಂತು ಫಲಿತಾಂಶ ಹೇಳ್ತೀನಿ. ಆಗಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಕೊಳಿ.”

ಸಮಿತಿ ಮತ್ತೆ ಮೂಲೆಗೆ ಹೋಯಿತು. ಗಂಟೆಯ ಪ್ರಸ್ತಾಪದ ಮೇಲೆ ಒಂದು ಉಪಸಮಿತಿ ರಚಿಸುವ ಮಾತು ಕೇಳಿಬರುತ್ತಿತ್ತು.

ಡೆಸ್ಮಂಡ್ ಇಳಿಯಲು ಹೊರಟವನು ನಡುವಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ದಾರಿಗೆ ಅಡ್ಡವಾಗಿ, ಏನನ್ನೂ ನೋಡುವವನಂತೆ ನಟಿಸದೆ. ಫ್ಯಾನನ್ನು ಮುಖಕ್ಕೆ ಹಿಡಿದ. ಸೋಮವಾರ ಶಬ್ನಮ್‌ಗೆ ಇದನ್ನೆಲ್ಲ ಹೇಳಬೇಕು ಎಂಬ ಯೋಚನೆ ಬಂತು. ಅದರ ಮುಂದೆ ಮುನ್ನೂರು ಜನರ ಸಭೆ ಏನೂ ಅಲ್ಲ ಅನಿಸಿತು.

ಜಗಳ ಮುಂದುವರಿಸಲು ಟ್ರೆವರ್ ದುಮುದುಮು ನಡೆದು ಬಂದ. ಕೂಗಾಟದಲ್ಲಿ ಅವನ ಮುಖ ಬೀಟ್‌ರೂಟಿನ ಹಾಗಾಗಿತ್ತು. ಎರಡು ಮೆಟ್ಟಿಲು ಹತ್ತಿ ಬಾಯಿ ತೆರೆದ, ಮಾತು ಬರಲಿಲ್ಲ. ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಂತ. ಡೆಸ್ಮಂಡನಿಗೆ ಆ ನಿಲುವು ಚೆನ್ನಾಗಿ ಗೊತ್ತಿತ್ತು.

“ಕೂತ್ಕೊ,” ಎಂದ. “ಮುಂದಕ್ಕೆ ಬಾಗು. ಮೊಣಕೈನ ತೊಡೆ ಮೇಲಿಡು. ದೀಪ ಆರ್ಸೋ ಥರ ಬಿಡು, ಮೆಲ್ಲಗೆ.”

ಟ್ರೆವರ್ ಕೂತು, ಬಾಗಿ, ಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿದ. ಡೆಸ್ಮಂಡ್ ಫ್ಯಾನು ಕೊಟ್ಟ.

“ಆ ಸ್ವರ,” ಎಂದ ಟ್ರೆವರ್, ಫ್ಯಾನನ್ನು ಮೂಗಿನ ಹತ್ತಿರ ಹಿಡಿದು, “ಶ್ರುತಿಲೇ... ಇತ್ತು.”

“ಕೆಳಗಿತ್ತು.”

“ಕೂದಲೆಳೆ...”

“ಎಮ್ಮೆಯಷ್ಟು. ಮಾತಾಡ್ಬೇಡ, ಮೊದ್ಲು ಉಸಿರು ಬಿಡು. ಆಮೇಲೆ ಬೈಯುವಿಯಂತೆ.”

ಟ್ರೆವರ್ ಉಸಿರು ಬಿಟ್ಟ, ಆಮೇಲೆ ಬೈದ. ಡೆಸ್ಮಂಡ್ ಫ್ಯಾನು ವಾಪಸು ತೆಗೆದುಕೊಂಡು, ತನ್ನ ಉಸಿರು ಬಿಟ್ಟು, ಉತ್ತರ ಕೊಟ್ಟ. ಹೀಗೆ ಒಂದು ಮಾತಿಗೊಮ್ಮೆ ಫ್ಯಾನು ಕೈ ಬದಲಾಯಿಸುತ್ತ, ಆ ಒಂದು ಸ್ವರದ ಜಗಳ ಎಷ್ಟು ನಿಧಾನಕ್ಕೆ ನಡೆಯಿತೆಂದರೆ, ಐವಿ ಕುರ್ಚಿಗಳನ್ನೆಲ್ಲ ಪೇರಿಸಿ, ನೆಲ ಗುಡಿಸಿ, ಕೀಲಿಗೊಂಚಲು ಅಲ್ಲಾಡಿಸುತ್ತ ಬಂದು ನಿಂತಾಗಲೂ ಇಬ್ಬರೂ ಹಾಡಿನ ಎರಡನೆಯ ಭಾಗಕ್ಕೆ ಬಂದಿರಲಿಲ್ಲ.