ಅಮ್ಮನ ಮುಂದಿನ ಮೈಕು

ಗಿಟಾರಿನ ಮುಂದೆ ಮೈಕು ಇಡುವುದೋ, ಅದರ ಹೊಟ್ಟೆಯೊಳಗೆ ಕೂರಿಸಿದ ಪಿಕಪ್ ಒಂದೇ ಸಾಕೋ ಎಂಬ ಜಗಳ ಬೆಳಿಗ್ಗೆಯಿಂದ ನಡೆದಿತ್ತು.

"ಪಿಕಪ್‌ನಲ್ಲಿ ತಗಡು ಬಡಿದ ಹಾಗೆ ಕೇಳತ್ತೆ. ನನಗೆ ಮರದ ದನಿ ಬೇಕು," ಎಂದು ತಂಡದ ಯಜಮಾನರು ಮೂಗು ಮುರಿದರು.

"ಮೈಕು ಇಟ್ರೆ ಪಕ್ಕದ ಡ್ರಮ್ಮೂ ಒಳಗೆ ಬರತ್ತೆ, ಸ್ಪೀಕರ್ ಕುಂಯ್ ಅನ್ನತ್ತೆ. ಆಮೇಲೆ ನನ್ನನ್ನ ಬೈಬೇಡಿ," ಎಂದಳು ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತಿದ್ದ ಹುಡುಗಿ.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ನಿಜವಾದ ಕಾರಣವೂ ಅದಲ್ಲ. ಗಿಟಾರ್ ನುಡಿಸುವವಳು ಅವಳ ಅಮ್ಮ. ಹೋದ ವರ್ಷ ಲಕ್ವ ಹೊಡೆದು ಎದ್ದ ಮೇಲೆ ಅಮ್ಮನ ಎಡಗೈ ಬೆರಳುಗಳು ಬಾಯಿಬಿಟ್ಟು ಹೇಳದೆ ಏಳುತ್ತಿರಲಿಲ್ಲ. "ಏಳೇ ಸೋಮಾರಿ. ನೀನಲ್ಲ, ನಿನ್ನ ಪಕ್ಕದವಳು," ಎಂದು ನುಡಿಸುತ್ತಲೇ ಅವುಗಳನ್ನು ಮೆಲ್ಲಗೆ ಗದರುತ್ತಿದ್ದಳು. ಅಭ್ಯಾಸದಲ್ಲಿ ಡ್ರಮ್ಮಿನ ಗದ್ದಲಕ್ಕೆ ಅದು ಮಗಳ ಹೊರತು ಯಾರ ಕಿವಿಗೂ ಬಿದ್ದಿರಲಿಲ್ಲ. ತಂತಿಯ ನಡುಕವನ್ನಷ್ಟೇ ಹಿಡಿಯುವ ಪಿಕಪ್‌ಗೂ ಬೀಳದು. ಮೈಕುಗಳಿಗೆ ಮಾತ್ರ ಮಾನಮರ್ಯಾದೆ ಎಂಬುದಿಲ್ಲ, ಗೇಣು ದೂರದಿಂದ ಉಸಿರನ್ನೂ ಊರಿಗೆಲ್ಲ ಸಾರುತ್ತವೆ. ಕೈ ಪೂರ್ತಿ ವಾಸಿಯಾಗಿದೆ ಎಂದು ಯಜಮಾನರಿಗೆ ಹೇಳಿದ್ದು ಮಗಳೇ. ಇಲ್ಲವೆಂದು ಗೊತ್ತಾದರೆ, ಅಮ್ಮ ಮೂವತ್ತು ವರ್ಷ ಕೂತ ಕುರ್ಚಿಗೆ ಬೇರೆಯವರು ಬರುತ್ತಾರೆ.

ಕೊನೆಗೆ ಎರಡೂ ಇರಲಿ ಎಂದಾಯಿತು. ಮಗಳು ಮಿಕ್ಸರಿನಲ್ಲಿ ಮೈಕಿನ ಗುಂಡಿಯನ್ನು ಪೂರ್ತಿ ಕೆಳಕ್ಕೆ ಜಾರಿಸಿ, ಏರಿಸಿದ್ದೇನೆ ಎಂದು ಹಸಿ ಸುಳ್ಳು ಹೇಳಿದಳು.

ಮಧ್ಯಾಹ್ನ ಸಭಾಂಗಣ ತುಂಬಿತು. ಮೂರು ಹಾಡು ಮುಗಿದು ಅಮ್ಮ ಒಬ್ಬಳೇ ನುಡಿಸುವ ಸರದಿ ಬಂತು. ಅರ್ಧ ದಾಟುವಷ್ಟರಲ್ಲಿ ಗಿಟಾರಿನ ದನಿ ಗೊರಗೊರ ಎನ್ನತೊಡಗಿತು.

ಮಗಳಿಗೆ ತಕ್ಷಣ ಗೊತ್ತಾಯಿತು. ಪಿಕಪ್ಪಿನ ಬ್ಯಾಟರಿ! ಗಿಟಾರಿಗೆ ಕೇಬಲ್ ಸಿಕ್ಕಿಸಿರುವಷ್ಟು ಹೊತ್ತೂ ಅದು ಖರ್ಚಾಗುತ್ತಲೇ ಇರುತ್ತದೆ. ನಿನ್ನೆ ಅಭ್ಯಾಸ ಮುಗಿದ ಮೇಲೆ ಕೇಬಲ್ ಕೀಳಲು ಮರೆತವಳು ಅವಳೇ. ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ! ಅವಳು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಸ್ಪೀಕರಿನಲ್ಲಿ ದನಿ ಪೂರ್ತಿ ನಿಂತುಹೋಯಿತು, ಅಮ್ಮ ಮಾತ್ರ ನುಡಿಸುತ್ತಲೇ ಇದ್ದಳು.

ಯಜಮಾನರು ಓಡಿಬಂದರು. "ಏನು ನೋಡ್ತಾ ಕೂತಿದೀಯ? ಮೈಕ್ ಇನ್ನೂ ಏರಿಸು!"

ಬೆರಳು ಗುಂಡಿಯ ಮೇಲಿತ್ತು, ಮನಸ್ಸು ಬರಲಿಲ್ಲ. ಜನ ಗುಜುಗುಜು ಎಂದರು. ಅವಳು ಏರಿಸಿದಳು.

ಮರದ ದನಿ ಸಭಾಂಗಣವನ್ನೆಲ್ಲ ತುಂಬಿತು. ಜೊತೆಗೇ ಅಮ್ಮನೂ. "ಏಳು, ಏಳು... ಹಾಂ, ಈಗ ಕೂತ್ಕೋ. ಮೆತ್ತಗೆ ಕಣೇ." ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಮ್ಮನ ಕೈ ನಿಂತಿತು. ಮಗಳು ಗಾಬರಿಯಲ್ಲಿ ಗುಂಡಿಯನ್ನು ಕೆಳಗೆಳೆದಳು.

ಅಮ್ಮ ತಲೆಯೆತ್ತಿ ಮಗಳನ್ನೇ ನೋಡಿದಳು. ಮೈಕಿಲ್ಲದೆಯೂ ಆ ದನಿ ಕೊನೆಯ ಸಾಲಿಗೆ ಕೇಳಿಸಿತು. "ಯಾಕೆ ಇಳಿಸಿದೆ? ಗದರಿದ್ರೆ ನನ್ನ ಕೈ ಕೇಳತ್ತೆ. ನಿನಗ್ಯಾಕೆ ನಾಚಿಕೆ?"

ಮುಚ್ಚಿಡು ಎಂದು ಅಮ್ಮ ಒಂದು ದಿನವೂ ಹೇಳಿರಲಿಲ್ಲ. ಅದು ಮಗಳಿಗೆ ಈಗ ಹೊಳೆಯಿತು, ಕಣ್ಣು ತುಂಬಿ ಬಂತು.

ಯಜಮಾನರು ಅವಳ ಕಿವಿಯ ಹತ್ತಿರ ಬಗ್ಗಿದರು. "ನಾಳೆಯಿಂದ ಗಿಟಾರಿಗೆ ಬೇರೆಯವರನ್ನ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡ." ವೇದಿಕೆಯತ್ತ ತಿರುಗಿದರು. "ಇವತ್ತು ಮಾತ್ರ ಆ ಮೈಕ್ ಇಳಿಸಬೇಡ."

ಮಗಳು ಅಳುತ್ತಲೇ ಗುಂಡಿಯನ್ನು ಮೊದಲಿಗಿಂತ ಮೇಲಕ್ಕೆ ತಳ್ಳಿದಳು. ಅಮ್ಮ ಕುರ್ಚಿಯನ್ನು ಮೈಕಿನ ಹತ್ತಿರಕ್ಕೆಳೆದುಕೊಂಡು, ಮೊದಲಿನಿಂದ ಶುರುಮಾಡಿದಳು.