ಇಜ್ಜಾಳ ಗುರುವಾರದ ನೀರು

ಇಜ್ಜಾಳ ಮನೆಯ ಆ ಮರದ ಪಟ್ಟಿಯನ್ನು ಇಲಾಖೆಯವರ ಕೈಗೆ ಕೊಟ್ಟವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ನೊಬ್ಬರ ಬಾಯಿಂದ ನೀವು ಕೇಳುವುದು ಬೇಡ.

ನಮ್ಮ ಬೆಟ್ಟದ ಮೇಲಿನ ಊರ ಕಣಜಕ್ಕೆ ಮೂವತ್ತೊಂದು ವರ್ಷದಿಂದ ನಾನು ಅಮೀನ, ಅಂದರೆ ಅದರ ಬೀಗ ಕಾಯುವವನು. ಎಂಬತ್ತು ಮನೆತನಕ್ಕೆ ಎಂಬತ್ತು ಕೋಣೆ. ಬಾರ್ಲಿ, ಬಾದಾಮಿ, ಮದುವೆ ಕರಾರು, ಹೊಲದ ಹಕ್ಕು ಎಲ್ಲ ಅಲ್ಲೇ. ಬೀಗದ ಕೈ ನನ್ನ ಸೊಂಟದಲ್ಲಿದ್ದರೂ ಮನೆಯವರು ಎದುರಿಗೆ ನಿಲ್ಲದೆ ಯಾರ ಬಾಗಿಲನ್ನೂ ನಾನು ತೆರೆಯಕೂಡದು. ನನ್ನಪ್ಪ ತೆರೆದಿರಲಿಲ್ಲ, ಅವನಪ್ಪನೂ ತೆರೆದಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಪರಂಪರೆ ಇಲಾಖೆಯ ಬಿಳಿ ಜೀಪು ಬಂತು. ಹಿರಿಯರು ಮರದ ಪಟ್ಟಿಗಳ ಮೇಲೆ ಬರೆದಿಟ್ಟ ಕರಾರುಗಳನ್ನು ಗೆದ್ದಲು ತಿನ್ನುತ್ತದೆ, ನಾವು ಜೋಪಾನ ಮಾಡುತ್ತೇವೆ, ಬೇಕಾದಾಗ ಬಂದು ಕೇಳಿ ಎಂದರು. ಕತ್ತಲಾಗುವ ಮೊದಲು ಘಾಟಿ ಇಳಿಯಬೇಕೆಂದು ಅವಸರ ಮಾಡಿದರು. ಇಜ್ಜಾ ಕೆಳಗೆ ಕಣದಲ್ಲಿ ಬಾರ್ಲಿ ತೂರುತ್ತಿದ್ದಳು. ಒಂದು ಕೂಗು ಹಾಕಿದ್ದರೆ ಬರುತ್ತಿದ್ದಳು. ಹಾಕಲಿಲ್ಲ. ದೊಡ್ಡ ಮನುಷ್ಯರು ನನ್ನನ್ನು ‘ಅಮೀನರೇ, ಅಮೀನರೇ’ ಎಂದು ಕರೆದದ್ದಕ್ಕೇ ಉಬ್ಬಿಹೋಗಿ ಅವಳ ಕೋಣೆಯ ಬಾಗಿಲು ತೆರೆದು ಪಟ್ಟಿ ತೆಗೆದುಕೊಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇಜ್ಜಾ ವಿಧವೆ. ಗುರುವಾರ ಬೆಳಗಿನ ನಮಾಜಿನಿಂದ ಮಧ್ಯಾಹ್ನದ ನಮಾಜಿನವರೆಗೆ ಕಾಲುವೆಯ ನೀರು ಅವಳ ಹೊಲದ್ದು. ಅವಳ ಗಂಡನ ಮುತ್ತಜ್ಜನ ಕಾಲದಿಂದ ಹಾಗೇ ನಡೆದು ಬಂದಿದೆ, ಆ ಪಟ್ಟಿಯಲ್ಲಿ ಬರೆದದ್ದೂ ಅದನ್ನೇ. ಈ ವರ್ಷ ಮೇಲಿನ ಹೊಲದ ಹಮ್ಮು ಎಂಬವನು ಕಲ್ಲಂಗಡಿ ಹಾಕಿದ. ಹಾಕಿದವನೇ ಗುರುವಾರದ ನೀರಿಗೆ ಅಡ್ಡ ಕಟ್ಟಿ, ಹಕ್ಕಿದ್ದರೆ ತೋರಿಸು ಎಂದ. ಜಗಳ ಕೋರ್ಟಿಗೆ ಹೋಯಿತು, ನ್ಯಾಯಾಧೀಶರು ಮೂಲ ಪತ್ರ ತನ್ನಿ ಎಂದರು.

ಇಜ್ಜಾ, ನಾನು ಇಬ್ಬರೂ ಬಸ್ಸು ಹತ್ತಿ, ಇಲಾಖೆಯವರು ಪಟ್ಟಿ ಇಟ್ಟಿದ್ದ ನಗರದ ಮ್ಯೂಸಿಯಂಗೆ ಹೋದೆವು. ಬಾಗಿಲಲ್ಲೇ ತಡೆದರು.

“ನಮ್ಮನೆ ಪಟ್ಟಿ ನೋಡಕ್ಕೆ ನಾನೇ ಟಿಕೆಟ್ ತಗೋಬೇಕಾ, ದಾದಾ?” ಎಂದಳು ಇಜ್ಜಾ; ಊರ ಹಿರಿಯರಿಗೆಲ್ಲ ಅವಳು ದಾದಾ ಎನ್ನುವುದು. ನಾನು ಇಬ್ಬರಿಗೂ ಟಿಕೆಟ್ ತಗೊಂಡೆ.

ಪಟ್ಟಿಯನ್ನು ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿ ಮಲಗಿಸಿದ್ದರು. ಕೆಳಗೆ ನಮ್ಮ ಭಾಷೆಯಲ್ಲಿದ್ದ ಚೀಟಿಯನ್ನು ನಾನು ಓದಿದೆ: ‘ನೀರಿನ ಹಕ್ಕಿನ ಪಟ್ಟಿ. ಈ ಪದ್ಧತಿ ಈಗ ಬಳಕೆಯಲ್ಲಿಲ್ಲ.’ ನೆತ್ತಿಗೇರಿತು ನನಗೆ. ಸೀದಾ ನಿರ್ದೇಶಕರ ಕೋಣೆಗೆ ನುಗ್ಗಿದೆ. ಮೂರು ತಿಂಗಳ ಹಿಂದಿನವರೆಗೂ ಇವಳು ಅದೇ ನೀರು ಹಾಯಿಸಿದ್ದಾಳೆ, ಬಳಕೆಯಲ್ಲಿಲ್ಲ ಅಂತ ನಿಮಗೆ ಹೇಳಿದವರು ಯಾರು ಎಂದು ಕೇಳಿದೆ. ಆ ಮನುಷ್ಯ ಸಿಟ್ಟಾಗಲಿಲ್ಲ, ಪುದೀನ ಚಹಾ ತರಿಸಿದ.

“ಅದು ನೋಡೋಕೆ ಬರೋರಿಗೆ ಅಂತ ಬರೆದಿರೋದು, ಅಮೀನರೇ. ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ.”

ಪಟ್ಟಿ ಈಗ ದೇಶದ ಆಸ್ತಿಯಂತೆ, ಹೊರಗೆ ಹೋಗುವಂತಿಲ್ಲವಂತೆ. ಬದಲಿಗೆ ಪ್ರಮಾಣಪತ್ರ ಕೊಡುತ್ತೇನೆ, ಕೋರ್ಟಿಗೆ ಅದು ಸಾಕು ಎಂದ. ಫ್ರೆಂಚಿನಲ್ಲಿ ಒಂದು ಹಾಳೆ ಬಂತು, ಮೇಲೊಂದು ಕೆಳಗೊಂದು ಮೊಹರು. ಆ ಭಾಷೆ ನಮ್ಮಿಬ್ಬರಿಗೂ ಬಾರದು. ಮೊಹರು ನೋಡಿಯೇ ತಣ್ಣಗಾಗಿಬಿಟ್ಟೆ. ಇಜ್ಜಾ ಆ ಹಾಳೆಯನ್ನು ಎದೆಗವಚಿಕೊಂಡು ಊರಿನವರೆಗೂ ಬಂದಳು.

ಕೋರ್ಟಿನಲ್ಲಿ ಹಮ್ಮುವಿನ ವಕೀಲ ಅದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದ. ಇಲಾಖೆಯ ಗುಮಾಸ್ತ ಆ ಗಾಜಿನ ಪೆಟ್ಟಿಗೆಯ ಚೀಟಿಯನ್ನೇ ಹಾಳೆಗೆ ಇಳಿಸಿದ್ದ. ಈ ಪದ್ಧತಿ ಈಗ ಬಳಕೆಯಲ್ಲಿಲ್ಲ ಎಂದು ಸರಕಾರವೇ ಮೊಹರು ಹಾಕಿ ಹೇಳಿದೆಯಲ್ಲ ಸ್ವಾಮಿ, ಇನ್ನೇನು ಬೇಕು ಎಂದ ವಕೀಲ. ನಾನು ಎದ್ದು ಅರಚಾಡಿದೆ, ಪೇದೆ ನನ್ನನ್ನು ಹೊರಗೆ ನೂಕಿದ. ಗುರುವಾರದ ನೀರು ಹಮ್ಮುವಿನ ಕಲ್ಲಂಗಡಿಗೆ ಹೋಯಿತು. ಜೋಪಾನ ಮಾಡುತ್ತಾರಂತೆ, ಜೋಪಾನ. ಅವರ ಮನೆ ಹಾಳಾಗ. ಗೆದ್ದಲು ತಿಂದಿದ್ದರೆ ಬರೀ ಪಟ್ಟಿ ಹೋಗುತ್ತಿತ್ತು, ಊರವರ ಸಾಕ್ಷಿಯಾದರೂ ನಿಲ್ಲುತ್ತಿತ್ತು. ಇವರು ಹಕ್ಕನ್ನೇ ತಿಂದರು.

ಇಜ್ಜಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಸೋಮವಾರದ ನೀರು ನನ್ನದು. ಆ ಸೋಮವಾರ ಬೆಳಗ್ಗೆ ಗುದ್ದಲಿ ಹಿಡಿದು ಹೋಗಿ ನನ್ನ ಹೊಲದ ಬಾಯಿ ಮುಚ್ಚಿ, ನೀರನ್ನು ಅವಳ ಬಾರ್ಲಿಗೆ ತಿರುಗಿಸಿದೆ. ಬಾಡಿದ ಪೈರಿನ ಬುಡಕ್ಕೆ ನೀರು ಮುಟ್ಟುತ್ತಿದ್ದಾಗ ಅವಳು ಬಂದಳು. ಇನ್ಮೇಲೆ ಪ್ರತಿ ಸೋಮವಾರ ನೀನೇ ಹಾಯಿಸಿಕೋ ತಾಯಿ ಎಂದೆ.

“ಅವತ್ತು ನಾನು ಕಣದಲ್ಲೇ ಇದ್ದೆ, ದಾದಾ,” ಎಂದಳು. “ಒಂದು ಕೂಗು ಹಾಕ್ಲಿಲ್ಲ ನೀವು.”

ನಾನು ಗುದ್ದಲಿಗೆ ಮೆತ್ತಿದ ಮಣ್ಣು ಕೆರೆದೆ.

“ಸೋಮವಾರ ನಿಮ್ದು. ನಂದು ಗುರುವಾರ. ನಂಗೆ ನಂದೇ ಬೇಕು.”

ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡು ತನ್ನ ಹೊಲದ ಬಾಯಿಗೆ ತಾನೇ ಮಣ್ಣು ಎಳೆದಳು, ನನ್ನದನ್ನು ತೆರೆದಳು. ಅವಳ ಬಾರ್ಲಿ ಅರ್ಧ ನೆನೆದು ನಿಂತಿತು. ನೀರೆಲ್ಲ ನನ್ನ ಹೊಲಕ್ಕೆ ಹರಿಯಿತು.